ಅನ್ವಯಿಸುವುದಿಲ್ಲ

ಕೆರಗೋಡು ದಾಟಿ, ನಾಲೆ ಏರಿ ಹಿಡಿದು
ಮೂರು ಕಿಲೋಮೀಟರು. ಟಾರ್ಪಾಲಿನ ಹನ್ನೊಂದು ಗುಡಾರ.
ಎಣಿಸಿದೆ. ಎಣಿಸುವುದೇ ನನ್ನ ಕೆಲಸ.
ಘಮ್ಲಿಬಾಯಿ, ವಯಸ್ಸು ಇಪ್ಪತ್ತೆಂಟೋ ಮೂವತ್ತೋ,
ಊರು ಹಡಗಲಿ ಕಡೆಯ ತಾಂಡಾ,
ನಸುಕಿನ ನಾಲ್ಕಕ್ಕೆ ಗದ್ದೆಗಿಳಿದವಳು
ರಾತ್ರಿ ಎಂಟಕ್ಕೆ ರೊಟ್ಟಿ ತಟ್ಟುತ್ತ ನನಗೆ ಉತ್ತರ ಕೊಡಬೇಕು.

ಮೊದಲು ಒಪ್ಪಿಗೆ ಪತ್ರ ಓದಿದೆ.
ಯಾವಾಗ ಬೇಕಾದರೂ ನಿಲ್ಲಿಸುವ ಹಕ್ಕು ನಿಮಗಿದೆ
ಎಂಬ ಸಾಲಿಗೆ ಅವಳ ಗಂಡ ತಲೆಯೆತ್ತಿದ:
'ಯಾವುದನ್ನ? ಕಬ್ಬು ಕಡಿಯಾದನ್ನಾ?'
ಅಲ್ಲ, ಈ ಸಂದರ್ಶನವನ್ನ, ಎಂದೆ.
ಓ, ಅಂದ. ಮತ್ತೆ ಮಚ್ಚು ಮಸೆಯತೊಡಗಿದ.

ಸ್ಟ್ಯಾಂಪ್ ಪ್ಯಾಡಿಗೆ ಒತ್ತಿದ ಅವಳ ಹೆಬ್ಬೆಟ್ಟು
ಕಾಗದದ ಮೇಲೆ ಬರೀ ನೀಲಿ ಬೊಟ್ಟಾಗಿ ಬಿತ್ತು,
ಗೆರೆಯಿಲ್ಲ, ಸುಳಿಯಿಲ್ಲ.
ಇನ್ನೊಮ್ಮೆ ಒತ್ತಿಸಿದೆ. ಮೂರನೆಯ ಸಲ
ಅವಳೇ ಸಮಾಧಾನ ಹೇಳಿದಳು:
'ರೇಷನ್ ಅಂಗಡ್ಯಾಗೂ ಹಿಂಗ ಆಕ್ಕೈತಿ ಅಕ್ಕಾ.
ಮಿಷಿನ್ನು ನನ್ನ ಗುರ್ತು ಹಿಡಿಯಂಗಿಲ್ಲ.'

ಪ್ರಶ್ನೆ ಹದಿನಾಲ್ಕು: ಮುಂಗಡ ಎಷ್ಟು?
ಜೋಡಿಗೆ ಎಂಬತ್ತು ಸಾವಿರ.
ಜೋಡಿ ಅಂದರೆ ಗಂಡ ಹೆಂಡತಿ, ಒಂದೇ ಲೆಕ್ಕ;
ಒಬ್ಬರು ಮಲಗಿದರೆ ಇಬ್ಬರ ಕೂಲಿಯೂ ಮಲಗುತ್ತದೆ.
ತೀರಿದ್ದೆಷ್ಟು?
ಮೇಸ್ತ್ರಿಗೆ ಗೊತ್ತು.
ನಿಮಗೆ?
ಮೇಸ್ತ್ರಿಗೆ ಗೊತ್ತು.

ಪ್ರಶ್ನೆ ಇಪ್ಪತ್ತೇಳು: ದಿನಕ್ಕೆ ಎಷ್ಟು ಲೋಟ ನೀರು?
ನಾಲೆಯ ಪಕ್ಕ ಕೂತು ಇದನ್ನು ಕೇಳಲು ನನಗೇ ನಾಚಿಕೆ.
ಕನ್ನಂಬಾಡಿಯಿಂದ ಬಂದ ನೀರು ಕತ್ತಲಲ್ಲಿ ಸದ್ದು ಮಾಡುತ್ತಿತ್ತು.
'ಎರಡು. ಹೆಚ್ಗಿ ಕುಡುದ್ರ ಹೊರಗ ಹೋಗ್ಬೇಕಲ್ಲ.
ಮರಿ ಎಲ್ಲೈತಿ?
ಇದ್ದ ಮರೀನ ನಾವಾ ಕಡದು ಲಾರಿಗೆ ಹಾಕೀವಿ.'

ಉರಿ? ಐತಿ. ಸೊಂಟನೋವು? ಐತಿ.
ಜ್ವರ? ಬರ್ತೈತಿ, ಹೊಕ್ಕೈತಿ.
ಇಳಿದ ಬಸಿರು?
ಹಂಚಿನ ಮೇಲೆ ರೊಟ್ಟಿ ಸೀಯುವವರೆಗೂ ಸುಮ್ಮನಿದ್ದಳು.
ಸೀದದ್ದನ್ನು ತಿರುವಿ ಹಾಕಿ
'ಒಂದು. ಲೋಡು ಹತ್ತಿಸೋ ದಿನ' ಅಂದಳು.
ನನ್ನ ಹಾಳೆ ಮುಂದುವರಿಯಿತು:
ಮರುದಿನ ಪಡೆದ ರಜೆ ವೇತನಸಹಿತವೋ ವೇತನರಹಿತವೋ?
ಅದರ ಕೆಳಗೊಂದು ಚೌಕ,
ಸಂಕೇತ ತೊಂಬತ್ತೊಂಬತ್ತು: ಅನ್ವಯಿಸುವುದಿಲ್ಲ.
ಗೀಚಿದೆ.

'ಇದನ್ನೆಲ್ಲ ಕೇಳಾಕ ನಿಮಗ ದಿನಕ್ಕ ಎಷ್ಟು ಕೊಡ್ತಾರ?'
ಹೇಳಿದೆ. ಅರ್ಧಕ್ಕೆ ಇಳಿಸಿ ಸುಳ್ಳು ಹೇಳಿದೆ.
ಆ ಅರ್ಧಕ್ಕೇ ಅವಳು
ಮಗ್ಗುಲಲ್ಲಿ ಮಲಗಿದ್ದ ಹುಡುಗಿಯ ಕೂದಲು ಸರಿಸಿ
'ಕೇಳಿದ್ಯಾ?' ಅಂದಳು. ಹುಡುಗಿ ನಿದ್ದೆಯಲ್ಲಿತ್ತು.

ಹೇಳದೇ ಉಳಿಸಿಕೊಂಡದ್ದು ಬೇರೆಯೂ ಇದೆ.
ಇದೇ ನಾಲೆಯ ಕೆಳಗೆ ನಮ್ಮಪ್ಪನದೂ ಎರಡೆಕರೆ ಇತ್ತು.
ನನ್ನ ಹಾಸ್ಟೆಲ್ಲಿನ ಫೀಸು ಕಟಾವಿನ ದುಡ್ಡು.
ಕಡಿಯಲು ಬಂದವರನ್ನು ನಾವು 'ಬಳ್ಳಾರಿ ಜನ' ಅನ್ನುತ್ತಿದ್ದೆವು,
ಹೆಸರು ಕೇಳಿದ ನೆನಪಿಲ್ಲ.
ಅವ್ವ ಒಂದು ವರ್ಷ ಹಳೇ ಚಾಪೆ ಕೊಟ್ಟಿದ್ದಳು,
ಅದನ್ನು ಬಹಳ ದಿನ ಹೇಳಿಕೊಂಡಳು.
ಪ್ರಬಂಧದ ಅಡಿಟಿಪ್ಪಣಿಯಲ್ಲಿ ಇಷ್ಟು ಬರೆದೆ;
ಗೈಡ್ ಪೆನ್ಸಿಲ್ಲಿನಲ್ಲಿ ಸುತ್ತುಹಾಕಿ ಕೇಳಿದರು, ಇದು ದತ್ತಾಂಶವೇ?

ಮೈಸೂರಿನಲ್ಲಿ, ಗಂಗೋತ್ರಿಯ ಸಭೆಯಲ್ಲಿ,
ಫ್ಯಾನಿನ ಕೆಳಗೆ ನಾನು ಅವಳನ್ನು
ಶೇಕಡಾ ಅರವತ್ತೊಂದರೊಳಗೆ ಸೇರಿಸಿದೆ.
ಚಹಾ ಬಂತು. ಯಾರೋ ಸಕ್ಕರೆ ಕಡಿಮೆ ಅಂದರು.

ತಿಂಗಳಾದ ಮೇಲೆ ಸಮಿತಿಯಿಂದ ಪತ್ರ:
ನಮೂನೆ ನೂರ ನಾಲ್ಕರಲ್ಲಿ ಹೆಬ್ಬೆಟ್ಟು ಸ್ಪಷ್ಟವಿಲ್ಲ,
ಮತ್ತೊಮ್ಮೆ ಪಡೆದು ಸಲ್ಲಿಸತಕ್ಕದ್ದು.
ಮತ್ತೆ ಕೆರಗೋಡು, ಮತ್ತೆ ಏರಿ.
ಗುಡಾರಗಳಿಲ್ಲ. ಎಲ್ಲಿ ಹೋದರು? ಹಸುವಿನವನು
ನಾಲೆಯ ಆಚೆಗೆ ಕೈ ತೋರಿಸಿದ, ಆಮೇಲೆ ಈಚೆಗೂ.
ಕರಿಹಿಡಿದ ಒಲೆಗಲ್ಲು, ಒಂದು ಒಂಟಿ ಚಪ್ಪಲಿ.
ಗದ್ದೆಯಲ್ಲಿ ಕೂಳೆ ಚಿಗುರಿ
ಸೊಂಟದುದ್ದ ಎದ್ದಿತ್ತು,
ಒಬ್ಬ ಹೆಂಗಸು ಕೂತರೆ
ಮರೆಯಾಗುವಷ್ಟು.